ಜೋಳಿಗೆಗೆ ಬೀಳದ ಮಾತ್ರೆ

ಇಳಕಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗುತ್ತಿದ್ದುದು ಜೋಳಕ್ಕಲ್ಲ, ದುಡ್ಡಿಗೂ ಅಲ್ಲ. ನಿಮ್ಮ ಚಟ ಹಾಕಿರಿ ಎನ್ನುತ್ತಿದ್ದರು. ಸೆರೆ, ಬೀಡಿ, ಗುಟ್ಕಾ ಬಿಡುತ್ತೇವೆಂದು ಜನ ಆಣೆ ಮಾಡಿ ಹಾಕಿದರು. 1970ರ ದಶಕದಲ್ಲಿ ಶುರುವಾದ ಈ ‘ಮಹಾಂತ ಜೋಳಿಗೆ’ಯ ಗೌರವಕ್ಕೆಂದೇ ರಾಜ್ಯ ಸರ್ಕಾರ ಅವರ ಜನ್ಮದಿನ ಆಗಸ್ಟ್ 1ನ್ನು ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.

ಕುಡಿತ ಕೆಟ್ಟದ್ದೆಂದು ಕುಡಿಯುವವನಿಗೂ ಗೊತ್ತಿತ್ತು, ಅವನ ಹೆಂಡತಿಗಂತೂ ಗೊತ್ತೇ ಇತ್ತು. ಹಾಗಾಗಿ ಆ ಜೋಳಿಗೆ ತುಂಬಿತು. ಓದಲೆಂದು ನುಂಗುವ ಮಾತ್ರೆಗೆ ಅಂಥ ನಾಚಿಕೆ ಇಲ್ಲ. ‘ನಮ್ಮ ಹುಡುಗ ರಾತ್ರಿಯೆಲ್ಲಾ ನಿದ್ದಿಗೆಟ್ಟು ಓದ್ತಾನ್ರಿ’ ಎನ್ನುವುದು ಬಾದಾಮಿಯಲ್ಲಿರಲಿ, ಹುನಗುಂದದಲ್ಲಿರಲಿ, ಹೆಮ್ಮೆಯ ಮಾತು. ಯಾವುದರ ಬಲದಿಂದ ಎಚ್ಚರವಿದ್ದಾನೆಂದು ಕೇಳುವವರು ಕಡಿಮೆ.

ಹೆಸರು ಕೇಳಿಬರುವ ಮಾತ್ರೆಗಳು ಮುಖ್ಯವಾಗಿ ಎರಡು. ಮಿಥೈಲ್‌ಫೆನಿಡೇಟ್ 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ತಯಾರಾಯಿತು. ಕಂಡುಹಿಡಿದ ಪಾನಿಝೋನ್ ತನ್ನ ಹೆಂಡತಿ ರೀಟಾಳ ಹೆಸರನ್ನೇ ಅದಕ್ಕಿಟ್ಟದ್ದರಿಂದ ‘ರಿಟಾಲಿನ್’ ಆಯಿತು. ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿ ಮಕ್ಕಳಿಗೆ ಅದು ಔಷಧ. ನಮ್ಮಲ್ಲಿ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯೂ ಔಷಧ ನಿಯಮಗಳ ಶೆಡ್ಯೂಲ್ ಎಕ್ಸ್ ಕೂಡ ಅದಕ್ಕೆ ಅನ್ವಯ: ವೈದ್ಯರ ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು 2 ವರ್ಷ ಕಾಪಿಡಬೇಕು. ಇನ್ನೊಂದು ಮೊಡಾಫಿನಿಲ್, ಹಗಲಲ್ಲೇ ತಡೆಯಲಾರದ ನಿದ್ದೆ ಬರುವ ಕಾಯಿಲೆಗೆ ಕೊಡುವಂಥದ್ದು.

ಇಂಥ ಮಾತ್ರೆ ನುಂಗಿ ಪರೀಕ್ಷೆ ಬರೆಯುವುದು ಮೋಸವೇ? ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ 2011ರಲ್ಲೇ ಹೌದು ಎಂದು ನಿಯಮ ಬರೆದುಕೊಂಡಿತು. ಕ್ರೀಡೆಯಲ್ಲಂತೂ ಅನುಮಾನವೇ ಇಲ್ಲ. ಓಟಗಾರ್ತಿ ಕೆಲ್ಲಿ ವೈಟ್ 2003ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗೆದ್ದ ಚಿನ್ನಗಳನ್ನು ಕಳೆದುಕೊಂಡ ಪ್ರಕರಣ ಶುರುವಾದದ್ದೇ ಮೊಡಾಫಿನಿಲ್‌ನಿಂದ. ಬಾಗಲಕೋಟೆಯ ಸೈಕ್ಲಿಂಗ್ ಪಟು ಸ್ಪರ್ಧೆಯ ದಿನ ಅದನ್ನು ನುಂಗಿ ಸಿಕ್ಕಿಬಿದ್ದರೆ ಪದಕ ಹೋಗುತ್ತದೆ. ನೀಟ್ ಬರೆಯುವ ಅವನ ತಮ್ಮ ನುಂಗಿದರೆ ಕೇಳುವವರಿಲ್ಲ. ಎಸ್‌ಎಸ್‌ಎಲ್‌ಸಿ ಕೊಠಡಿಗೆ 2024ರಲ್ಲಿ ವೆಬ್‌ಕಾಸ್ಟಿಂಗ್ ಬಂದಿತಲ್ಲ, ಆ ಕ್ಯಾಮೆರಾಗೆ ಕಾಣುವುದು ನಕಲು ಚೀಟಿ ಮಾತ್ರ.

ಆದರೂ ‘ಮೋಸ’ ಎಂಬ ವಾದ ನನಗೆ ಅಷ್ಟು ಗಟ್ಟಿ ಎನಿಸುವುದಿಲ್ಲ. ಇಳಕಲ್ಲಿನಲ್ಲಿ ಮಗ್ಗದ ಸದ್ದಿನ ನಡುವೆ ಓದುವ ಹುಡುಗಿಯೂ ಲಕ್ಷಗಟ್ಟಲೆ ಸುರಿದು ರಾಜಸ್ಥಾನದ ಕೋಟಾದಲ್ಲಿ ಕೋಚಿಂಗ್ ಪಡೆದವನೂ ಬರೆಯುವುದು ಒಂದೇ ಪ್ರಶ್ನೆಪತ್ರಿಕೆ. ಅದನ್ನು ನ್ಯಾಯವೆಂದು ಒಪ್ಪಿಕೊಂಡವರು ಮಾತ್ರೆಗೆ ಮಾತ್ರ ಹುಬ್ಬೇರಿಸುವುದು ವಿಚಿತ್ರ. ನನ್ನನ್ನು ಕಾಡುವುದು ಬೇರೆ: ಪಕ್ಕದ ರೂಮಿನವನು ನುಂಗಿದ ಮೇಲೆ ನುಂಗದವನ ಗತಿ ಏನು? ನಿದ್ದೆ ಮಾಡುವುದೇ ಅವನಿಗೆ ಸೋಮಾರಿತನವಾಗಿ ಕಾಣತೊಡಗುತ್ತದೆ. ‘ಅವನಿಷ್ಟ’ ಎಂದು ಬಿಡುವಂತಿಲ್ಲ, ಇಷ್ಟ ಅಲ್ಲಿಗೇ ಮುಗಿದಿರುತ್ತದೆ.

ಅಷ್ಟಕ್ಕೂ ಲಾಭವಾದರೂ ಇದೆಯೇ? 2023ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 40 ಮಂದಿ ಆರೋಗ್ಯವಂತರಿಗೆ ಇಂಥ ಮಾತ್ರೆ ಕೊಟ್ಟು, ಮಿತಿಯಿರುವ ಚೀಲಕ್ಕೆ ಹೆಚ್ಚು ಬೆಲೆಯ ಸಾಮಾನು ತುಂಬುವ ಲೆಕ್ಕ ಬಿಡಿಸಲು ಹೇಳಿದರು. ಅವರು ಹೆಚ್ಚು ಹೊತ್ತು ಹೆಣಗಿದರು, ಹೆಚ್ಚು ಸಲ ಸಾಮಾನು ತೆಗೆದಿಟ್ಟರು, ಆದರೆ ಉತ್ತರದ ಗುಣಮಟ್ಟ ಇಳಿಯಿತು. ಮಾತ್ರೆ ಹುರುಪು ಕೊಟ್ಟಿತ್ತು, ಹುರುಪನ್ನೇ ಅವರು ಜಾಣತನ ಎಂದುಕೊಂಡಿರಬೇಕು. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಈ ಮಾತ್ರೆಗಳು ಕದಿಯುವುದೂ ಅದನ್ನೇ. ಜೊತೆಗೆ ಎದೆಬಡಿತ, ಹಸಿವಿಲ್ಲದಿರುವುದು, ಕಳವಳ.

‘ನೆನಪಿನ ಶಕ್ತಿ ಹೆಚ್ಚಿಸುವ’ ಟಾನಿಕ್ಕುಗಳ ಕಥೆಯೂ ಒಂದಿದೆ. ಯಾವ ಔಷಧವೂ ಸಾಧಿಸುತ್ತೇನೆಂದು ಹೇಳಿಕೊಳ್ಳಬಾರದ ಸಂಗತಿಗಳ ಪಟ್ಟಿ ಔಷಧ ನಿಯಮಗಳ ಶೆಡ್ಯೂಲ್ ಜೆ. ಮೆದುಳಿನ ಸಾಮರ್ಥ್ಯ, ಸ್ಮರಣಶಕ್ತಿಯ ವೃದ್ಧಿ ಅದರಲ್ಲಿದೆ. ಎಚ್ಚರವಿರಲೆಂದು ಕುಡಿಯುವ ಎನರ್ಜಿ ಡ್ರಿಂಕ್ ಬಾಟಲಿಯ ಮೇಲೂ ಮಕ್ಕಳಿಗಲ್ಲ ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಕೊಳ್ಳುವವರು ಬಹುಪಾಲು ಯಾರೆಂದು ಶಾಲೆಯ ಎದುರಿನ ಅಂಗಡಿಯವರಿಗೆ ಗೊತ್ತು.

ಈ ನಡುವೆ ನಿಜಕ್ಕೂ ಎಡಿಎಚ್‌ಡಿ ಇರುವ ಮಗುವಿನ ಮನೆಯವರು ಚೀಟಿ ಹಿಡಿದು ಔಷಧದಂಗಡಿಗೆ ಹೋಗುತ್ತಾರೆ. ಶೆಡ್ಯೂಲ್ ಎಕ್ಸ್ ಔಷಧ ಮಾರಲು ಬೇರೆಯದೇ ಲೈಸೆನ್ಸ್ ಬೇಕಾದ್ದರಿಂದ ಎಲ್ಲ ಅಂಗಡಿಯಲ್ಲೂ ಅದು ಸಿಗದು. ಸಿಕ್ಕಿದರೂ ‘ಹುಡುಗಗ ತಲಿ ಸರಿ ಇಲ್ಲಂತ’ ಎನ್ನುವ ಮಾತಿಗೆ ಹೆದರಿ, ಆ ಚೀಟಿಯನ್ನು ಊರಿನವರಿಗೆ ತೋರಿಸದೆ ಮಡಚಿಟ್ಟುಕೊಳ್ಳುತ್ತಾರೆ.