ಮೇಲುಕಾಮನಹಳ್ಳಿ ಗೇಟು, ಶಾಲೆಯ ಗೇಟು

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದರೆ ಮಳೆಗಾಲದ ಆರಂಭದಲ್ಲಿ ಎರಡೂ ಬದಿಗೆ ಚೆಂಡು ಹೂವಿನ ಹೊಲಗಳು. ನಡುವೆ ಕಾರು ನಿಲ್ಲಿಸಿ ಫೋಟೊ ತೆಗೆಯುವವರ ಸಾಲು. ಊರಿನವರಿಗೆ ಆ ಹೊತ್ತಿನಲ್ಲಿ ಬೇರೆಯದೇ ಚಿಂತೆ: ಶಾಲೆ ದಾಖಲಾತಿ. ಬಸ್ಸಿನಲ್ಲಿ ಕೂತರೆ ಕಿವಿಗೆ ಬೀಳುವುದು ಟಿಸಿ, ಸ್ಯಾಟ್ಸ್ ನಂಬರು, ಮೊರಾರ್ಜಿ ಶಾಲೆ, ನವೋದಯ. ಜೊತೆಗೆ, ಧ್ವನಿ ತಗ್ಗಿಸಿ, ‘ಯಾರದಾದ್ರೂ ಲೆಟರ್’.

ಹಂಗಳದಲ್ಲಿ ಬಲಕ್ಕೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ ಸೀಳುತ್ತದೆ. ನೇರ ಹೋದರೆ ಮೇಲುಕಾಮನಹಳ್ಳಿ, ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ಇಲ್ಲಿಂದಾಚೆ ಬಂಡೀಪುರ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. 2009ರಲ್ಲಿ ಬಂದ ನಿರ್ಬಂಧವನ್ನು ಮರುವರ್ಷ ಹೈಕೋರ್ಟ್ ಎತ್ತಿಹಿಡಿಯಿತು. ಆಂಬುಲೆನ್ಸಿಗೆ, ಕೆಲವೇ ಸರ್ಕಾರಿ ಬಸ್ಸುಗಳಿಗೆ ವಿನಾಯಿತಿ. ಇದರ ಬಗ್ಗೆ ಕೇರಳದ ತಕರಾರು ಇನ್ನೂ ಮುಗಿದಿಲ್ಲ. ಆದರೂ ನನಗೆ ಹಿಡಿಸಿದ್ದು ಒಂದು ವಿಷಯ: ಇಲ್ಲಿ ಯಾರಿಗೆ ವಿನಾಯಿತಿ, ಯಾಕೆ ಎಂಬುದು ಸರತಿಯಲ್ಲಿ ನಿಂತ ಲಾರಿ ಡ್ರೈವರನಿಗೂ ಗೊತ್ತು. ಬೇಡಿಕೆಯಿರುವ ಸರ್ಕಾರಿ ಶಾಲೆಗಳ ಗೇಟಿನಲ್ಲಿ ಈ ಮಾತು ಹೇಳುವುದು ಕಷ್ಟ.

ಕೇಂದ್ರೀಯ ವಿದ್ಯಾಲಯಗಳ ಕತೆ ನೋಡಿ. ಪ್ರತಿ ಸಂಸದರಿಗೂ ವರ್ಷಕ್ಕೆ 10 ಮಕ್ಕಳನ್ನು ಸೇರಿಸುವ ಅಧಿಕಾರವಿತ್ತು. ಎರಡೂ ಸದನ ಸೇರಿ 788 ಸದಸ್ಯರು, ಅಂದರೆ 7,880 ಸೀಟು. ಕೆಲವು ಕಡೆ ಜಿಲ್ಲಾಧಿಕಾರಿಯ ಕೈಯಲ್ಲೂ 17. ಎಲ್ಲಕ್ಕೂ ಕಾಗದ ಸಾಕು, ಕಾರಣ ಬೇಡ. 2022ರ ಏಪ್ರಿಲ್‌ನಲ್ಲಿ ಈ ಕೋಟಾಗಳನ್ನು ತೆಗೆದುಹಾಕಿ, ಕೋವಿಡ್‌ನಲ್ಲಿ ತಂದೆತಾಯಿ ಕಳೆದುಕೊಂಡ ಮಕ್ಕಳಿಗೆ ಜಾಗ ಮಾಡಿದರು. ಪತ್ರ ಬರೆಯುವವರ ಬದಲು ಮಗುವಿನ ಸ್ಥಿತಿ ನೋಡಿದ್ದು ಸರಿಯಾದ ತಿದ್ದುಪಡಿ.

ಅಷ್ಟಕ್ಕೇ ನ್ಯಾಯ ಪೂರ್ತಿಯಾಗಲಿಲ್ಲ. ಅಲ್ಲಿ ಮೊದಲ ಆದ್ಯತೆ ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ. ತಂದೆಗೋ ತಾಯಿಗೋ ಎಷ್ಟು ಸಲ ವರ್ಗವಾಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಊರೂರು ಸುತ್ತುವ ನೌಕರನ ಮಗುವಿಗೆ ಅದು ಬೇಕಾದ್ದೇ. ಆದರೆ ಬಂಡೀಪುರದ ಕಳ್ಳಬೇಟೆ ತಡೆ ಶಿಬಿರಗಳಲ್ಲಿ ಕಾಡು ಕಾಯುವ ಹಂಗಾಮಿ ವಾಚರನಿಗೆ ವರ್ಗವೆಂಬುದೇ ಇಲ್ಲ. ಅವರಲ್ಲಿ ಜೇನುಕುರುಬರು, ಸೋಲಿಗರು ಇದ್ದಾರೆ. 1973ರಲ್ಲಿ ಹುಲಿ ಯೋಜನೆ ಬಂದ ಮೇಲೆ ಕಾಡಿನೊಳಗಿನ ಹಾಡಿ ಬಿಟ್ಟು ಅಂಚಿನ ಕಾಲೋನಿಗಳಿಗೆ ಬಂದ ಕುಟುಂಬಗಳಿಗೂ ಮನೆ ಬದಲಾಯಿತು, ಬದುಕೂ ಬದಲಾಯಿತು. ಶಾಲೆಗೆ ತೋರಿಸಲು ಯಾವ ಆದೇಶದ ಪ್ರತಿಯೂ ಇಲ್ಲ.

ಚೆಕ್‌ಪೋಸ್ಟಿನ ಆಸುಪಾಸಿನಿಂದ ಮಂಗಲದ ಕಡೆಗೆ ಹೊರಳಿದರೆ ಹೊಲದ ಬದುವಿಗೇ ಕಾಡು. ಆನೆ ಕಂದಕ, ಸೋಲಾರ್ ಬೇಲಿ, ಲಂಟಾನದ ಪೊದೆ. ಟೀ ಅಂಗಡಿಯಲ್ಲಿ ಕೂತಿದ್ದ ಒಬ್ಬರು ಅಂದರು: ‘ಸಂಜ ಆದ್ರ ಆನ ಬತ್ತವ ಕನಿ ಸಾ. ಗಂಡ್ಮಕ್ಳಾದ್ರ ಹೆಂಗೋ, ಹೆಣ್ಮಕ್ಳ ಕಳ್ಸದೆಂಗ?’ ಹೆಣ್ಣುಮಕ್ಕಳಿಗೆ ಬಸ್ಸು 2023ರಿಂದ ಉಚಿತ. ಟಿಕೆಟಿನ ತೊಡಕು ಕಳೆಯಿತು. ಬಸ್ಸಿಳಿದ ಮೇಲಿನ ನಡಿಗೆ ಹಾಗೇ ಇದೆ.

ಕಾನೂನು ಏನನ್ನುತ್ತದೆ? ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮಗು ಯಾವುದೇ ಕಾರಣಕ್ಕೆ ಶಾಲೆ ಬದಲಿಸಬೇಕಾಗಿ ಬಂದರೆ ವರ್ಗಾವಣೆ ಕೇಳುವುದು ಅದರ ಹಕ್ಕು. ಮುಖ್ಯ ಶಿಕ್ಷಕರು ತಕ್ಷಣ ಟಿಸಿ ಕೊಡಬೇಕು. ಟಿಸಿ ತಡವಾಯಿತೆಂದು ಹೊಸ ಶಾಲೆ ಬಾಗಿಲು ಹಾಕುವಂತಿಲ್ಲ. ಕೇಳಲು ಚೆಂದ. ಅದೇ ಸೆಕ್ಷನ್ನು ಕೇಂದ್ರೀಯ ವಿದ್ಯಾಲಯ, ನವೋದಯದಂಥ ಶಾಲೆಗಳನ್ನು ಈ ಹಕ್ಕಿನಿಂದ ಹೊರಗಿಟ್ಟಿದೆ. ಜನ ಎಲ್ಲಿಗೆ ಹೋಗಲು ಹಂಬಲಿಸುತ್ತಾರೋ ಅಲ್ಲಿಗೇ ಈ ಹಕ್ಕು ತಲುಪುವುದಿಲ್ಲ.

ನಮ್ಮ ಜಿಲ್ಲೆಯ ನವೋದಯ ಇರುವುದು ಚಾಮರಾಜನಗರ ದಾಟಿ ಹೊಂಡರಬಾಳಿನಲ್ಲಿ. ಆರನೇ ತರಗತಿಗೆ ಗರಿಷ್ಠ 80 ಸೀಟು, ಮುಕ್ಕಾಲು ಪಾಲು ಹಳ್ಳಿ ಮಕ್ಕಳಿಗೆ, ಪ್ರವೇಶ ಪರೀಕ್ಷೆಯ ಮೂಲಕ. ಇಲ್ಲಿ ವಶೀಲಿಗೆ ಎಡೆ ಕಡಿಮೆ ಎಂಬುದೇ ಅದರ ಮರ್ಯಾದೆ. ಆದರೆ ಗುಂಡ್ಲುಪೇಟೆಯಲ್ಲಿ ಕೋಚಿಂಗಿಗೆ ಹೋಗುವ ಮಗುವೂ ಕಾಡಂಚಿನ ಏಕೋಪಾಧ್ಯಾಯ ಶಾಲೆಯ ಮಗುವೂ ಬರೆಯುವುದು ಒಂದೇ ಪ್ರಶ್ನೆಪತ್ರಿಕೆ.

2019ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾದಾಗಲೂ ಹೀಗೇ. ತರಗತಿಗೆ 30 ಮಕ್ಕಳ ಮಿತಿ, ಬಂದವರು ಹೆಚ್ಚು, ಹಲವೆಡೆ ಲಾಟರಿ ಎತ್ತಿದರು. ಲಾಟರಿಯೆಂದರೆ ಮೂಗು ಮುರಿಯುವವರಿದ್ದಾರೆ. ‘ಮೊದಲು ಬಂದವರಿಗೆ ಮೊದಲು’ ಎನ್ನುವುದಕ್ಕಿಂತ ಅದೇ ವಾಸಿ ಎಂದು ಈ ರಸ್ತೆಯಲ್ಲಿ ಓಡಾಡಿದ ಮೇಲೆ ನನಗನ್ನಿಸುತ್ತದೆ. ಬೆಳಗಿನ ಮೊದಲ ಬಸ್ಸಿಗೆ ಕಾಯುವ ಅಪ್ಪ ಸಾಲಿನಲ್ಲಿ ಮೊದಲಿಗನಾಗುವುದು ಹೇಗೆ?

ವಿಶೇಷ ಕೋರಿಕೆಗಳೇ ಬೇಡ ಎನ್ನಲಾರೆ. ಕಾರಣಗಳ ಪಟ್ಟಿ ಮೊದಲೇ ಬರೆದಿರಲಿ. ಎಷ್ಟು ಅರ್ಜಿ ಬಂದವು, ಎಷ್ಟಕ್ಕೆ ಯಾವ ಕಾರಣದ ಮೇಲೆ ಒಪ್ಪಿಗೆ ಸಿಕ್ಕಿತು ಎಂಬುದನ್ನು ಮಕ್ಕಳ ಹೆಸರಿಲ್ಲದೆ ಬಿಇಒ ಕಚೇರಿಯ ಗೋಡೆಗೆ ಅಂಟಿಸಲಿ. ಆ ಪಟ್ಟಿಯಲ್ಲಿ ಅಪ್ಪನ ವರ್ಗಾವಣೆಯ ಜೊತೆಗೆ ಮಗುವಿನ ದಾರಿಗೂ ಒಂದು ಸಾಲು ಸಿಗಲಿ. ದಾಖಲೆ ಎಲ್ಲಿಂದ ತರುವುದು ಎಂದು ಗುಮಾಸ್ತರು ಕೇಳಿದರೆ ಉತ್ತರ ದೂರವಿಲ್ಲ: ಆನೆ ತುಳಿದ ಬೆಳೆಗೆ ಪರಿಹಾರ ಕೊಡಲು ವಲಯ ಅರಣ್ಯ ಕಚೇರಿಯವರು ಹೊಲಕ್ಕೆ ಬಂದು ಮಹಜರು ಮಾಡುತ್ತಾರೆ. ಆನೆ ಯಾವ ದಾರಿಯಲ್ಲಿ ಓಡಾಡುತ್ತದೆಂದು ಬರೆದುಕೊಡುವುದು ಅವರಿಗೆ ಹೊಸ ಕೆಲಸವಲ್ಲ.