ಘಾಟಿ ಹತ್ತುವ ಲಾರಿಗೆ ಯಾವ ಟರ್ಬೊ ಲೇಸು?

ಮಲೆನಾಡಿನ ಕಾಫಿ, ಅಡಿಕೆ ಮಂಗಳೂರಿಗೆ ಹೋಗಬೇಕಾದರೆ ಘಾಟಿ ಇಳಿಯಲೇಬೇಕು. ಮರಳುವಾಗ ಗೊಬ್ಬರ ಹೊತ್ತ ಲಾರಿ ಅದೇ ಘಾಟಿಯನ್ನು ಹತ್ತಬೇಕು. ಬೆಳೆಗಾರರು ನಾಲ್ಕಾರು ಮಂದಿ ಕೂಡಿ ಹಳೆಯ ಲಾರಿ ಕೊಳ್ಳುವಾಗ ಟಯರು, ಬಾಡಿಗಳನ್ನು ತಟ್ಟಿ ನೋಡುತ್ತಾರೆ. ಟರ್ಬೊ ಯಾವ ಬಗೆಯದೆಂದು ಕೇಳುವವರು ಕಡಿಮೆ. ಅದು ಕೆಟ್ಟರೆ ಬಾಡಿಗೆಯ ಲಾಭವೆಲ್ಲ ರಿಪೇರಿಗೇ ಹೋದೀತು.

ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯ ರಭಸಕ್ಕೆ ಟರ್ಬೊದ ಒಂದು ಚಕ್ರ ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಗಾಳಿ ಹೆಚ್ಚಿದರೆ ಹೆಚ್ಚು ಡೀಸೆಲ್ ಚೆನ್ನಾಗಿ ಉರಿದು ಬಲ ಬರುತ್ತದೆ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಚಿಯವರು 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು.

ಸ್ಥಿರ ಟರ್ಬೊದಲ್ಲಿ ಹೊಗೆ ನುಗ್ಗುವ ದಾರಿಯ ಅಳತೆ ಬದಲಾಗದು. ಎಂಜಿನ್ ನಿಧಾನವಾಗಿದ್ದಾಗ ಹೊಗೆ ಸಾಲದೆ ಪಿಕಪ್ ತಡವಾಗುತ್ತದೆ. ಒತ್ತಡ ಮಿತಿಮೀರಿದರೆ ವೇಸ್ಟ್‌ಗೇಟ್ ಎಂಬ ಕಿಂಡಿ ತೆರೆದು ಸ್ವಲ್ಪ ಹೊಗೆಯನ್ನು ಪಕ್ಕಕ್ಕೆ ಬಿಡುವ ಏರ್ಪಾಡು ಹಲವು ಟರ್ಬೊಗಳಲ್ಲಿದೆ.

ವಿ.ಜಿ.ಟಿ. ಎಂಬ ಎರಡನೆಯ ಬಗೆಯಲ್ಲಿ ಈ ದಾರಿಯನ್ನೇ ಹಿರಿದು ಕಿರಿದು ಮಾಡಬಹುದು. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಬೆರಳು ಒತ್ತಿದರೆ ಅಷ್ಟೇ ನೀರು ದೂರಕ್ಕೆ ಚಿಮ್ಮುವುದಿಲ್ಲವೆ? ಹಾಗೆಯೇ ಚಕ್ರದ ಸುತ್ತಲಿನ ರೆಕ್ಕೆಗಳೋ ಜಾರುವ ಉಂಗುರವೋ ದಾರಿಯನ್ನು ಕಿರಿದುಗೊಳಿಸಿ, ಕಡಿಮೆ ಹೊಗೆಯಲ್ಲೂ ಚಕ್ರವನ್ನು ಜೋರಾಗಿ ತಿರುಗಿಸುತ್ತವೆ. ತಿರುವಿನಲ್ಲಿ ಲಾರಿ ಬೇಗ ಎತ್ತಿಕೊಳ್ಳುತ್ತದೆ. ಇಳಿಜಾರಿನಲ್ಲಿ ಇದೇ ಏರ್ಪಾಡು ಎಂಜಿನ್ ಬ್ರೇಕಿಗೆ ಬಲ ಕೊಟ್ಟು, ಚಕ್ರದ ಬ್ರೇಕು ಕಾಯದಂತೆ ನೆರವಾಗುತ್ತದೆ.

ಆದರೆ ಸುಡುವ ಹೊಗೆಯ ನಡುವೆಯೇ ಕದಲುವ ಭಾಗಗಳಿರುವುದರಿಂದ ಮಸಿ, ತುಕ್ಕು ಹಿಡಿದು ಅವು ಸಿಕ್ಕಿಕೊಳ್ಳಬಹುದು. ಬೆಲೆಯೂ ಹೆಚ್ಚು, ರಿಪೇರಿಗೆ ಕಂಪ್ಯೂಟರ್ ಬಲ್ಲ ಮೆಕ್ಯಾನಿಕ್ ಬೇಕು.

ಹೊಸತೆಲ್ಲ ಮೇಲು ಎನ್ನುವಂತೆಯೂ ಇಲ್ಲ. ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸಿ ಮಾಲಿನ್ಯ ತಗ್ಗಿಸುವ ಇ.ಜಿ.ಆರ್. ಪದ್ಧತಿಗೆ ವಿ.ಜಿ.ಟಿ. ಒದಗಿಸುವ ಒತ್ತಡ ಅನುಕೂಲ. ಸ್ವೀಡನ್ನಿನ ಸ್ಕ್ಯಾನಿಯಾ ಕಂಪನಿ 2017ರಲ್ಲಿ ತನ್ನ 520, 580, 650 ಅಶ್ವಶಕ್ತಿಯ ವಿ-8 ಎಂಜಿನ್ನುಗಳಲ್ಲಿ ಇ.ಜಿ.ಆರ್. ಬಿಟ್ಟು, ಯೂರಿಯಾ ದ್ರಾವಣದಿಂದ ಹೊಗೆ ಶುದ್ಧಿಮಾಡುವ ವಿಧಾನವನ್ನು ಮಾತ್ರ ಉಳಿಸಿಕೊಂಡಿತು. ಜೊತೆಗೆ ಸ್ಥಿರ ಟರ್ಬೊಗೆ ಮರಳಿತು. 730 ಅಶ್ವಶಕ್ತಿಯ ಎಂಜಿನ್ನಿಗೆ ಮಾತ್ರ ವಿ.ಜಿ.ಟಿ.ಯನ್ನೇ ಇಟ್ಟಿತು. ಒಂದೇ ಕಂಪನಿ ಕೆಲಸ ನೋಡಿ ಎರಡನ್ನೂ ಬಳಸಿದೆ ಎಂಬುದನ್ನು ಗಮನಿಸಬೇಕು.

ನಮಗೂ ಅದೇ ಲೆಕ್ಕ. ಬಯಲುಸೀಮೆಯ ನೇರ ರಸ್ತೆಯ ಓಟವೇ ಹೆಚ್ಚಾದರೆ ಸ್ಥಿರ ಟರ್ಬೊ ಸಾಕು. ದಿನವೂ ಘಾಟಿ ಹತ್ತಿಳಿಯುವ ಲಾರಿಗೆ ವಿ.ಜಿ.ಟಿ. ಅನುಕೂಲ, ಆದರೆ ಅದನ್ನು ಬಲ್ಲ ಗ್ಯಾರೇಜು ಹತ್ತಿರದಲ್ಲಿರಬೇಕು. ಹಳೆಯ ಲಾರಿ ಕೊಳ್ಳುವ ಮುನ್ನ ಎಂಜಿನ್ ಆರಿಸಿ, ತಣಿದ ಮೇಲೆ, ಟರ್ಬೊದ ದಂಡ ಸಡಿಲವಾಗಿದೆಯೆ, ಗಾಳಿ ಪೈಪಿನಲ್ಲಿ ಆಯಿಲ್ ಸೋರಿದೆಯೆ ಎಂದು ಮೆಕ್ಯಾನಿಕ್ಕಿನಿಂದ ನೋಡಿಸಿರಿ. ವಿ.ಜಿ.ಟಿ. ಆದರೆ ಸ್ಕ್ಯಾನರ್ ಹಾಕಿಸಿರಿ.

ಯಾವುದಾದರೂ ಸರಿ, ಆಯಿಲ್ ಮತ್ತು ಏರ್ ಫಿಲ್ಟರುಗಳನ್ನು ಕಾಲಕಾಲಕ್ಕೆ ಬದಲಿಸಬೇಕು. ಘಾಟಿ ಹತ್ತಿ ನಿಲ್ಲಿಸಿದೊಡನೆ ಎಂಜಿನ್ ಆರಿಸದೆ ಎರಡು ಮೂರು ನಿಮಿಷ ನಿಧಾನವಾಗಿ ಓಡಲು ಬಿಡಬೇಕು. ಇಲ್ಲವಾದರೆ ಟರ್ಬೊದೊಳಗಿನ ಆಯಿಲ್ ಆ ಕಾವಿಗೆ ಕರಕಾಗುತ್ತದೆ. ಚಾಲಕನಿಗೆ ಇಷ್ಟು ತಿಳಿಸಿಕೊಟ್ಟರೆ ದೊಡ್ಡ ಖರ್ಚೊಂದು ತಪ್ಪೀತು.