ಕಪ್ಪು ಪುಡಿಯ ಕಸುಬು

ಊರಿನ ಯಾವ ಜೆರಾಕ್ಸ್ ಅಂಗಡಿಗೆ ಹೋದರೂ ಕೌಂಟರಿನ ಮೂಲೆಯಲ್ಲಿ ಒಂದು ಹಳೆಯ ಲೇಸರ್ ಪ್ರಿಂಟರ್ ಕೂತಿರುತ್ತದೆ. ಹೆಚ್ಚಾಗಿ ಅದು ಕ್ಯಾನನ್ ಎಲ್‌ಬಿಪಿ 2900 ಅಥವಾ ಎಚ್‌ಪಿ 1020. ಮೈಬಣ್ಣ ಮಾಸಿರುತ್ತದೆ, ಟ್ರೇಯ ಮುಚ್ಚಳ ಎಂದೋ ಮುರಿದಿರುತ್ತದೆ. ಆದರೂ ಪಹಣಿ, ಹಾಲ್ ಟಿಕೆಟ್, ಬಾಡಿಗೆ ಕರಾರು ಬೆಳಗಿನಿಂದ ಸಂಜೆಯವರೆಗೆ ಅಚ್ಚಾಗಿ ಬೀಳುತ್ತಲೇ ಇರುತ್ತವೆ. ಈ ಯಂತ್ರ ಇಷ್ಟು ಕಾಲ ಬಾಳುವುದು ಹೇಗೆಂದು ತಿಳಿದರೆ, ಮನೆಗೆ ಯಾವುದನ್ನು ಕೊಳ್ಳಬೇಕೆಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ಮೂಲ ಉಪಾಯ ಹಳೆಯದು. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಚೆಸ್ಟರ್ ಕಾರ್ಲ್‌ಸನ್ ಮತ್ತು ಅವರ ಸಹಾಯಕ ಒಟ್ಟೊ ಕೊರ್ನೈ ಗಂಧಕ ಬಳಿದ ಸತುವಿನ ತಗಡನ್ನು ಕರವಸ್ತ್ರದಿಂದ ಉಜ್ಜಿ ವಿದ್ಯುದಂಶ ತುಂಬಿದರು. ಬರಹವಿದ್ದ ಗಾಜಿನ ಪಟ್ಟಿಯನ್ನು ಅದರ ಮೇಲಿಟ್ಟು ದೀಪದ ಬೆಳಕು ಬಿಟ್ಟರು. ಬಳಿಕ ನಯವಾದ ಪುಡಿ ಚಿಮುಕಿಸಿ ಊದಿದಾಗ ಅಕ್ಷರಗಳಷ್ಟೇ ಉಳಿದವು. ಜೆರಾಕ್ಸ್ ಯಂತ್ರ ಹುಟ್ಟಿದ್ದು ಇದರಿಂದಲೇ. ದೀಪದ ಜಾಗದಲ್ಲಿ ಲೇಸರ್ ಇಟ್ಟು, ಕಂಪ್ಯೂಟರಿನ ಪುಟವನ್ನೇ ನೇರವಾಗಿ ಬರೆಸಬಹುದೆಂದು ಹಟ ಹಿಡಿದವರು ಜೆರಾಕ್ಸ್ ಕಂಪನಿಯ ಗ್ಯಾರಿ ಸ್ಟಾರ್ಕ್‌ವೆದರ್. 1984ರಲ್ಲಿ ಕ್ಯಾನನ್ ತಯಾರಿಸಿದ ಎಂಜಿನ್ ಹೊತ್ತ ಎಚ್‌ಪಿ ಲೇಸರ್‌ಜೆಟ್ ಬಂದಾಗ ಇದು ಮೇಜಿನ ಮೇಲಿಡುವ ವಸ್ತುವಾಯಿತು.

ಒಳಗಿನ ಕೆಲಸವನ್ನು ನಿಧಾನವಾಗಿ ನೋಡಬೇಕು. ಯಂತ್ರದ ಹೃದಯ ಒಂದು ಹಸಿರು ಅಥವಾ ನೀಲಿ ಹೊಳಪಿನ ಡ್ರಮ್. ಕತ್ತಲಲ್ಲಿ ಅದು ವಿದ್ಯುದಂಶವನ್ನು ಹಿಡಿದಿಡುತ್ತದೆ, ಬೆಳಕು ಬಿದ್ದ ಕಡೆ ಬಿಟ್ಟುಕೊಡುತ್ತದೆ. ಲೇಸರ್ ಇದ್ದಲ್ಲೇ ಇರುತ್ತದೆ, ಗರಗರ ತಿರುಗುವ ಪುಟ್ಟ ಬಹುಮುಖ ಕನ್ನಡಿ ಅದರ ಕಿರಣವನ್ನು ಡ್ರಮ್ಮಿನ ಉದ್ದಕ್ಕೂ ಗೆರೆಗೆರೆಯಾಗಿ ಎಳೆಯುತ್ತದೆ. ಅಂಗುಲಕ್ಕೆ 600 ಗೆರೆಯಾದರೆ ಒಂದು ಎ4 ಪುಟಕ್ಕೆ ಸುಮಾರು 7,000 ಗೆರೆ. ನಿಮಿಷಕ್ಕೆ 20 ಪುಟ ಕೊಡುವ ಯಂತ್ರ ಇಷ್ಟನ್ನೂ ಮೂರು ಸೆಕೆಂಡಿನೊಳಗೆ ಮುಗಿಸುತ್ತದೆ. ತಲೆ ಬಾಚಿದ ಬಾಚಣಿಗೆಗೆ ಕಾಗದದ ಚೂರು ಅಂಟುವ ಹಾಗೆ, ಬೆಳಕು ತಾಗಿದ ಚುಕ್ಕಿಗಳಿಗೆ ಮಾತ್ರ ಟೋನರ್ ಪುಡಿ ಅಂಟುತ್ತದೆ, ಅಲ್ಲಿಂದ ಕಾಗದಕ್ಕೆ ದಾಟುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಅಚ್ಚರಿ ತರುವ ಸಂಗತಿ ಇನ್ನೊಂದಿದೆ. ಚಿಕ್ಕ ಪ್ರಿಂಟರುಗಳ ಡ್ರಮ್ಮಿನ ಸುತ್ತಳತೆ ಸುಮಾರು 75 ಮಿಲಿಮೀಟರ್, ಕಾಗದದ ಉದ್ದ 297. ಅಂದರೆ ಇಡೀ ಪುಟ ಯಾವ ಕ್ಷಣದಲ್ಲೂ ಡ್ರಮ್ಮಿನ ಮೇಲೆ ಇರುವುದೇ ಇಲ್ಲ. ಬರೆದು, ಕಾಗದಕ್ಕೆ ದಾಟಿಸಿ, ಒರೆಸಿಕೊಂಡು, ಅದೇ ಜಾಗದಲ್ಲಿ ಮತ್ತೆ ಬರೆಯುತ್ತ ಒಂದೊಂದು ಪುಟಕ್ಕೂ ಡ್ರಮ್ ನಾಲ್ಕು ಸುತ್ತು ಬರುತ್ತದೆ. ಕೆಟ್ಟದ್ದು ಯಾವ ಭಾಗ ಎಂದು ಪತ್ತೆ ಹಚ್ಚುವುದೂ ಇದರಿಂದಲೇ. ಒಂದೇ ಕಪ್ಪು ಚುಕ್ಕಿ 75 ಮಿಲಿಮೀಟರಿಗೊಮ್ಮೆ ಮರುಕಳಿಸಿದರೆ ಗೀರು ಬಿದ್ದಿರುವುದು ಡ್ರಮ್ಮಿಗೆ. ಅಂತರ ಬೇರೆಯಾದರೆ ಬೇರೊಂದು ರೋಲರಿಗೆ. ಅನುಭವಿ ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಸ್ಕೇಲ್ ಹಿಡಿಯುತ್ತಾನೆ.

ಕೊನೆಯದು ಬಿಸಿ. ಅಚ್ಚಾಗುತ್ತಿರುವಾಗ ಅರ್ಧಕ್ಕೆ ಸಿಕ್ಕಿಕೊಂಡ ಹಾಳೆಯನ್ನು ಎಳೆದು ನೋಡಿ: ಅಕ್ಷರಗಳೆಲ್ಲ ಸರಿಯಾಗಿ ಮೂಡಿರುತ್ತವೆ, ಬೆರಳು ಸವರಿದರೆ ಅಳಿಸಿಹೋಗುತ್ತವೆ. ಟೋನರ್ ಎಂದರೆ ಬಹುಮಟ್ಟಿಗೆ ಪ್ಲಾಸ್ಟಿಕ್ಕಿನ ನುಣ್ಣನೆಯ ಪುಡಿ. ಫ್ಯೂಸರ್ ಎಂಬ ಬಿಸಿ ಭಾಗ ಅದನ್ನು ಕರಗಿಸಿ ಕಾಗದದ ನಾರಿಗೆ ಒತ್ತಿದ ಮೇಲೆಯೇ ಅಕ್ಷರ ಗಟ್ಟಿ. ಪುಡಿಯಾದ್ದರಿಂದ ಒಣಗುವ ಮಾತೂ ಇಲ್ಲ. ಮಕ್ಕಳ ರಜೆಯಿಡೀ ಮುಟ್ಟದೆ ಬಿಟ್ಟ ಇಂಕ್‌ಜೆಟ್‌ನ ನಳಿಕೆ ಕಟ್ಟಿಕೊಳ್ಳಬಹುದು, ಲೇಸರ್ ಮೊದಲ ಹಾಳೆಯನ್ನೇ ಕಡುಗಪ್ಪಾಗಿ ಕೊಡುತ್ತದೆ. ಅಪರೂಪಕ್ಕೆ ಅಚ್ಚು ಹಾಕುವ ಮನೆಗೆ ಕಪ್ಪು-ಬಿಳುಪು ಲೇಸರೇ ಸರಿ ಎಂದು ನಾನು ಹೇಳುವುದು ಇದಕ್ಕೇ.

ಹಾಗಾಗಿ ಕೊಳ್ಳುವಾಗ ವೇಗ ನೋಡಬೇಡಿ, ಸವೆಯುವ ಭಾಗಗಳನ್ನು ನೋಡಿ. ಎಚ್‌ಪಿ, ಕ್ಯಾನನ್‌ಗಳ ಚಿಕ್ಕ ಮಾದರಿಗಳಲ್ಲಿ ಡ್ರಮ್ಮೂ ಟೋನರೂ ಸಾಮಾನ್ಯವಾಗಿ ಒಂದೇ ಕಾರ್ಟ್ರಿಜ್‌ನಲ್ಲಿರುತ್ತವೆ. ಅದನ್ನು ಬದಲಿಸಿದರೆ ಯಂತ್ರದ ಮುಖ್ಯ ಭಾಗವೇ ಹೊಸದಾದಂತೆ. ಬ್ರದರ್‌ನಲ್ಲಿ ಇವೆರಡೂ ಬೇರೆ ಬೇರೆ. ಅದರ ಹಲವು ಮನೆಬಳಕೆಯ ಮಾದರಿಗಳಲ್ಲಿ ಡ್ರಮ್ ಸುಮಾರು 12,000 ಪುಟ ಬಾಳುತ್ತದೆ, ಟೋನರನ್ನಷ್ಟೇ ಮತ್ತೆ ಮತ್ತೆ ಕೊಂಡರೆ ಸಾಕು. ಹೆಚ್ಚು ಅಚ್ಚು ಹಾಕುವವರಿಗೆ ಇದು ಅನುಕೂಲ. ಎಚ್‌ಪಿಯ ಜನಪ್ರಿಯ 12ಎ ಕಾರ್ಟ್ರಿಜ್‌ಗೆ 2,000 ಪುಟ ಎನ್ನುತ್ತಾರಲ್ಲ, ಅದು ಪುಟದ ಶೇಕಡ 5ರಷ್ಟು ಜಾಗ ಮಾತ್ರ ಕಪ್ಪಾದರೆ ಬರುವ ಲೆಕ್ಕ; ಒತ್ತಾಗಿ ತುಂಬಿದ ಪುಟಗಳಿಗೆ ಅಷ್ಟು ಬರುವುದಿಲ್ಲ.

ರೀಫಿಲ್ ನಮ್ಮೂರುಗಳ ಒಳ್ಳೆಯ ಕಸುಬು. ಬಲ್ಲವನು ಪುಡಿ ತುಂಬುವುದಕ್ಕೆ ಮೊದಲು ಕಾರ್ಟ್ರಿಜ್ ಬಿಚ್ಚಿ, ಡ್ರಮ್ಮಿನಿಂದ ಕೆರೆದು ಶೇಖರವಾದ ಹಳೆಯ ಪುಡಿಯನ್ನು ಹೊರಗೆ ತೆಗೆಯುತ್ತಾನೆ, ಅದನ್ನು ಕೆರೆಯುವ ಬ್ಲೇಡಿನ ಅಂಚು ನೋಡುತ್ತಾನೆ. ಹಳೆಯದನ್ನು ಹಾಗೇ ಬಿಟ್ಟು ಹೊಸದನ್ನು ಸುರಿದರೆ ಹಳೆಯ ಪುಡಿ ತುಂಬಿ ತುಳುಕಿ ಹಾಳೆಗೆಲ್ಲ ಮಸಿ. ಕೆಲವು ಹೊಸ ಮಾದರಿಗಳು ಚಿಪ್ ನೋಡಿ ಬೇರೆಯವರ ಕಾರ್ಟ್ರಿಜ್‌ಗಳನ್ನು ತಿರಸ್ಕರಿಸುತ್ತವೆ. ಆದ್ದರಿಂದ ಮಾದರಿಯ ಹೆಸರು ಬರೆದುಕೊಂಡು ಮೊದಲು ಹತ್ತಿರದ ರೀಫಿಲ್ ಅಂಗಡಿಯಲ್ಲಿ ವಿಚಾರಿಸಿ, ಆಮೇಲೆ ಹಣ ಕೊಡಿ.

ಎರಡು ಬದಿ ತಾನಾಗಿ ಅಚ್ಚು ಹಾಕುವ ಸೌಲಭ್ಯಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ನಿಮ್ಮ ಕಂಪ್ಯೂಟರಿಗೆ ಅದರ ಡ್ರೈವರ್ ಈಗಲೂ ಸಿಗುತ್ತದೆಯೇ ಎಂದು ನೋಡಿ. ಗಟ್ಟಿಮುಟ್ಟಾದ ಎಷ್ಟೋ ಯಂತ್ರಗಳು ಈ ಒಂದು ಕಾರಣಕ್ಕೆ ಮೂಲೆ ಸೇರಿವೆ. ಪರೀಕ್ಷೆಗೆ ‘ರಾಷ್ಟ್ರ’, ‘ಶಾಸ್ತ್ರ’, ‘ಸ್ವಾತಂತ್ರ್ಯ’ ಇರುವ ಪುಟವನ್ನು 9 ಪಾಯಿಂಟಿನಲ್ಲಿ ಅಚ್ಚು ಹಾಕಿಸಿ. ಒತ್ತಕ್ಷರದ ಸುಳಿಗಳ ಒಳಗಿನ ಬಿಳಿ ಜಾಗ ತುಂಬಿಕೊಂಡಿರಬಾರದು, ಅಂಚು ಹರಿದಿರಬಾರದು.

ಮನೆಗೆ ತಂದ ಮೇಲೆ ಗೋಡೆಯ ಸಾಕೆಟ್ಟಿಗೇ ನೇರವಾಗಿ ಸಿಕ್ಕಿಸಿ. ಫ್ಯೂಸರ್ ಬಿಸಿಯಾಗುವಾಗ ಹಲವು ನೂರು ವಾಟ್ ಎಳೆಯುತ್ತದೆ, ಕಂಪ್ಯೂಟರಿನ ಚಿಕ್ಕ ಯುಪಿಎಸ್ ಅದನ್ನು ತಡೆಯದು. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಯಲ್ಲಿ, ಕಾಗದವನ್ನು ಟ್ರೇಯಲ್ಲಿ ಬಿಡದೆ ಹೊದಿಕೆಯೊಳಗೆ ಸುತ್ತಿಡಿ. ತೇವ ಹೀರಿದ ಹಾಳೆ ಫ್ಯೂಸರಿನ ಬಿಸಿಗೆ ಸುರುಳಿಯಾಗಿ ಸಿಕ್ಕಿಕೊಳ್ಳುತ್ತದೆ.